ಹಾಲಿನ ನಂತರದ ಅರ್ಧ ಗಂಟೆ

ನಾನು ಗುಬ್ಬಿ ತಾಲ್ಲೂಕಿನವಳು. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸಹ ಶಿಕ್ಷಕಿಯಾಗಿ ಬಂದಾಗ ನನಗೆ ಇಲ್ಲಿಯ ಮಕ್ಕಳ ಮನೆಮಾತಾದ ತೆಲುಗಿನ ನಾಲ್ಕು ಪದವೂ ಬರುತ್ತಿರಲಿಲ್ಲ. ಈ ಸಂಗತಿಯನ್ನು ಮೊದಲೇ ಹೇಳಲು ಕಾರಣವಿದೆ, ಅದು ಮುಂದೆ ತಿಳಿಯುತ್ತದೆ. ಕಲಿಕಾ ನ್ಯೂನತೆಯುಳ್ಳ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಕೈಹಿಡಿಯದ ಮಕ್ಕಳಿಗೆಂದು ನಮ್ಮ ಶಾಲೆಯೊಳಗೇ ಒಂದು ಕಾರ್ಯಕ್ರಮವನ್ನು ರೂಪಿಸಿ ಮೂರು ವರ್ಷ ನಡೆಸಿದ ಬಗೆಯನ್ನು, ಅದರಲ್ಲಿ ನಾವು ತಪ್ಪಿದ ಕಡೆಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

2022ರಲ್ಲಿ, ಕೋವಿಡ್ ಕಾಲದಲ್ಲಿ ತಪ್ಪಿದ ಕಲಿಕೆಯನ್ನು ತುಂಬುವ ಕಲಿಕಾ ಚೇತರಿಕೆ ಕಾರ್ಯಕ್ರಮಕ್ಕಾಗಿ ಶಾಲೆಗಳು ಮೇ 16ಕ್ಕೇ ಆರಂಭವಾದವು. ಜೂನ್ ತಿಂಗಳಲ್ಲಿ ನಾಲ್ಕು ಮತ್ತು ಐದನೇ ತರಗತಿಗಳ 41 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಎರಡನೇ ತರಗತಿಯ ಪುಸ್ತಕದ ಒಂದು ಪ್ಯಾರಾ ಓದಿಸಿದೆ. 19 ಮಕ್ಕಳಿಗೆ ಅದನ್ನು ಓದಲಾಗಲಿಲ್ಲ. ಅದೇ ವಾರ ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿಯನ್ನು ಕಳುಹಿಸಬೇಕಾಗಿತ್ತು. ನಾನು ಆ 19 ಹೆಸರುಗಳನ್ನೂ ಬರೆದು ಮುಖ್ಯ ಶಿಕ್ಷಕರ ಮೇಜಿನ ಮೇಲಿಟ್ಟೆ. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ, ಅಂದರೆ ನಾವೆಲ್ಲ ಬಿ.ಐ.ಇ.ಆರ್.ಟಿ. ಮೇಡಂ ಎಂದು ಕರೆಯುವವರು, ಪಟ್ಟಿಯನ್ನು ನೋಡಿ ಒಂದೇ ಮಾತು ಕೇಳಿದರು: "ಇಷ್ಟು ಮಕ್ಕಳಿಗೂ ನ್ಯೂನತೆ ಇದೆಯಾ ಮೇಡಂ, ಇಲ್ಲ ಎರಡು ವರ್ಷ ಶಾಲೆನೇ ಇರಲಿಲ್ವಾ?"

ಅವರ ಮಾತು ಸರಿಯಾಗಿತ್ತು. ನಾಲ್ಕನೇ ತರಗತಿಯ ಮಕ್ಕಳು ಒಂದನೇ ತರಗತಿಯನ್ನು ಮುಗಿಸುವ ಹೊತ್ತಿಗೆ, 2020ರ ಮಾರ್ಚ್‌ನಲ್ಲಿ, ಶಾಲೆ ಮುಚ್ಚಿತ್ತು. ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕೆಳ ತರಗತಿಗಳ ನಲಿ-ಕಲಿ ಕ್ರಮದಲ್ಲಿ ಮೊದಲು ಬರುವ ರ, ಗ, ಸ, ದ, ಅ ದಾಟಿ ಒತ್ತಕ್ಷರಗಳಿಗೆ ಬರಬೇಕಾದ ಕಾಲವೆಲ್ಲ ಆ ಮಕ್ಕಳಿಗೆ ಮನೆಯಲ್ಲೇ ಕಳೆದುಹೋಗಿತ್ತು. ಓದಲು ಬಾರದಿರುವುದಕ್ಕೂ ಕಲಿಕಾ ನ್ಯೂನತೆಗೂ ನಡುವೆ ಇರುವ ದೂರವನ್ನು ನಾನು ಅಳೆದಿರಲೇ ಇಲ್ಲ. ಹೀಗಾಗಿ ನಮ್ಮ ಯೋಜನೆಯ ಮೊದಲ ಆರು ತಿಂಗಳು ಬೇರ್ಪಡಿಸುವ ಕೆಲಸದಲ್ಲಿಯೇ ಕಳೆದವು. ಈಗ ಹಿಂತಿರುಗಿ ನೋಡಿದರೆ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಉಪಯುಕ್ತವಾದ ಕೆಲಸ ಅದೇ ಎನ್ನಿಸುತ್ತದೆ.

ಮೊದಲು ಕಣ್ಣು ಮತ್ತು ಕಿವಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಈ 19 ಮಕ್ಕಳನ್ನು ಪ್ರತ್ಯೇಕವಾಗಿ ತೋರಿಸಿದೆವು. ಇಬ್ಬರಿಗೆ ಕನ್ನಡಕ ಬೇಕಾಗಿತ್ತು. ಇನ್ನೊಬ್ಬ ಹುಡುಗನ ಕಿವಿ ಎಷ್ಟೋ ಕಾಲದಿಂದ ಸೋರುತ್ತಿತ್ತು; ಅವನು ತರಗತಿಯಲ್ಲಿ ಗಮನ ಕೊಡುವುದಿಲ್ಲವೆಂದು ನಾನೇ ಹಲವು ಸಲ ಗದರಿದ್ದೆ. ಉಳಿದ 16 ಮಕ್ಕಳಿಗೆ ಕಲಿಕಾ ಹಾಳೆಗಳ ಜೊತೆಗೆ ಪ್ರತಿದಿನ ಓದಿಸುವ ಕೆಲಸವನ್ನು ಡಿಸೆಂಬರ್‌ವರೆಗೆ ತಪ್ಪದೆ ನಡೆಸಿ, ಯಾರು ಮೇಲೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ವಾರವಾರವೂ ಬರೆದಿಡಬೇಕೆಂದು ನಿರ್ಧರಿಸಿದೆವು. ಅಷ್ಟು ಕಾಲ ಕಾಯುವುದು ಹೆಚ್ಚಾಯಿತೆಂದು ಕೆಲವರಿಗೆ ಅನ್ನಿಸಬಹುದು. ಕನ್ನಡದ ಮಕ್ಕಳು ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಕೈವಶ ಮಾಡಿಕೊಳ್ಳಲು ಇಂಗ್ಲಿಷ್ ಅಕ್ಷರಗಳನ್ನು ಕಲಿಯುವುದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಗುತ್ತದೆ ಎಂಬುದನ್ನು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೇ ತೋರಿಸಿದ್ದಾರೆ. ನಮ್ಮಲ್ಲಿ ತೊಂದರೆಯಿಲ್ಲದ ಮಗುವೂ ನಾಲ್ಕನೇ ತರಗತಿಯಲ್ಲಿ ಸಂಯುಕ್ತಾಕ್ಷರದ ಬಳಿ ಎಡವುತ್ತದೆ. ಅದನ್ನು ನ್ಯೂನತೆಯೆಂದು ಬರೆದುಬಿಟ್ಟರೆ ಆ ಮಗುವಿನ ಹೆಸರಿಗೆ ಒಂದು ಮಾತು ಅಂಟಿಕೊಳ್ಳುತ್ತದೆ, ಮತ್ತು ಅದನ್ನು ಕೀಳುವುದು ಕಷ್ಟ.

ಈಗ ತೆಲುಗಿನ ವಿಷಯ. ನಾಲ್ಕನೇ ತರಗತಿಯ ಒಬ್ಬ ಹುಡುಗ "ಮನೆ" ಎಂಬ ಪದದ ಮೇಲೆ ಬೆರಳಿಟ್ಟು "ಇಲ್ಲು" ಎಂದ. ಕನ್ನಡದ "ಇಲ್ಲ" ಎಂಬುದನ್ನೇ ಏನೋ ಹೇಳುತ್ತಿದ್ದಾನೆಂದು ತಿಳಿದು ನಾನು ತಪ್ಪು ಗುರುತು ಹಾಕಿದ್ದೆ. ನಮ್ಮ ಬಿಸಿಯೂಟದ ಅಡುಗೆಯ ಅಕ್ಕ ಹಿಂದಿನಿಂದ ನೋಡುತ್ತಿದ್ದವರು ನಕ್ಕು, "ಅವನು ಸರಿಯಾಗೇ ಓದವ್ನೆ ಮೇಡಂ, ತೆಲುಗಲ್ಲಿ ಮನೆ ಅಂದ್ರೆ ಇಲ್ಲು ಅಲ್ವಾ" ಎಂದರು. ಆ ಹುಡುಗ ಅಕ್ಷರವನ್ನು ಓದಿ, ಅರ್ಥವನ್ನು ಹಿಡಿದು, ತನ್ನ ಭಾಷೆಯಲ್ಲಿ ಹೇಳಿದ್ದ. ಅಂದಿನಿಂದ ಅಡುಗೆ ಮುಗಿದ ಮೇಲೆ ವಾರಕ್ಕೆರಡು ದಿನ ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ಮಕ್ಕಳಿಗೆ ಮನೆಮಾತಿನಲ್ಲೇ, ಪುಸ್ತಕವಿಲ್ಲದೆ, ಬಾಯಿಮಾತಿನ ಆಟವಾಡಿಸಿದೆವು. "ಪಲಕ" ಎನ್ನುವ ಪದದಲ್ಲಿ ಮೊದಲ ಸದ್ದನ್ನು ತೆಗೆದರೆ ಏನು ಉಳಿಯುತ್ತದೆ, "ಮೇಕ" ಎಂಬುದಕ್ಕೆ ಪ್ರಾಸವಾಗುವ ಪದ ಯಾವುದು, ಹೀಗೆ. ಹೆಚ್ಚಿನವರು ನಗುನಗುತ್ತಾ ಹೇಳಿದರು. ಕೆಲವರಿಗೆ ತಮ್ಮ ತಾಯಿ ಆಡುವ ಭಾಷೆಯಲ್ಲೂ ಅದು ಸಾಧ್ಯವಾಗಲಿಲ್ಲ. ಅವರ ತೊಂದರೆ ಕನ್ನಡದ್ದಲ್ಲ, ಇನ್ನೂ ಆಳದ್ದು ಎಂಬುದು ಆಗ ನನಗೆ ಸ್ಪಷ್ಟವಾಯಿತು. ಗಡಿ ತಾಲ್ಲೂಕುಗಳಲ್ಲಿ, ಬಾಗೇಪಲ್ಲಿಯಲ್ಲಾಗಲಿ ಮುಳಬಾಗಿಲಿನಲ್ಲಾಗಲಿ ಪಾವಗಡದಲ್ಲಾಗಲಿ, ಈ ಒಂದು ಹೆಜ್ಜೆಯನ್ನು ಬಿಟ್ಟು ಯಾರೂ ಯಾವ ಪಟ್ಟಿಯನ್ನೂ ಮಾಡಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಡಿಸೆಂಬರ್ ಮುಗಿಯುವಷ್ಟರಲ್ಲಿ 11 ಮಕ್ಕಳು, ನಿಧಾನವಾಗಿಯಾದರೂ, ಓದಲು ತೊಡಗಿದ್ದರು. ಐವರು ಉಳಿದರು.

ಆ ಐವರಲ್ಲಿ ಒಬ್ಬಳ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಅವಳು ಐದನೇ ತರಗತಿಯಲ್ಲಿದ್ದಳು, ಮನೆಯಲ್ಲಿ ರೇಷ್ಮೆ ಸಾಕಣೆ. ಕೀಟಗಳ ಜೀವನಚಕ್ರದ ಪಾಠದ ದಿನ ಮೊಟ್ಟೆಯಿಂದ ಹಿಡಿದು ಒಂದೊಂದು ಜ್ವರಕ್ಕೆ, ಅಂದರೆ ಪೊರೆ ಬಿಡುವ ಮೊದಲಿನ ನಿದ್ದೆಗೆ, ಹುಳು ಹೇಗೆ ಕೂರುತ್ತದೆ, ಎಷ್ಟು ಹೊತ್ತು ಸೊಪ್ಪು ಮುಟ್ಟುವುದಿಲ್ಲ, ಹಣ್ಣಾದ ಹುಳು ಹೇಗೆ ಹೊಳೆಯುತ್ತದೆ, ಗೂಡು ಕಟ್ಟಿಸುವ ಚಂದ್ರಂಕಿಗೆ ಯಾವಾಗ ಬಿಡಬೇಕು ಎಂಬುದನ್ನೆಲ್ಲ ಎದ್ದು ನಿಂತು ಹೇಳಿದಳು. ಪುಸ್ತಕದಲ್ಲಿ ಅದರ ಅರ್ಧವೂ ಇರಲಿಲ್ಲ. ಅದೇ ಪಾಠದ ಕಿರುಪರೀಕ್ಷೆಯಲ್ಲಿ ಇಡೀ ಹಾಳೆಯ ಮೇಲೆ ಅವಳು ಬರೆದಿದ್ದದ್ದು "ಹಳ" ಎಂಬ ಎರಡೇ ಅಕ್ಷರ. "ಹುಳು" ಎಂದು ಬರೆಯಲು ಹೊರಟವಳಿಗೆ ಎರಡು ಕೊಂಬುಗಳೂ ಕೈಬಿಟ್ಟಿದ್ದವು. "ಕಮಲ" ಎಂಬುದನ್ನು ಬಿಡಿಬಿಡಿಯಾಗಿ ಕ, ಮ, ಲ ಎಂದು ಸರಿಯಾಗಿ ಹೇಳಿ, ಕೂಡಿಸುವಾಗ "ಕಲಮ" ಎನ್ನುತ್ತಿದ್ದಳು. "ಸೂರ್ಯ" ಅವಳ ಬಾಯಲ್ಲಿ "ಸೂಯರ" ಆಗುತ್ತಿತ್ತು, ಏಕೆಂದರೆ ಅರ್ಕಾವತ್ತನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅದಕ್ಕೆ ಮೊದಲು. ಅವಳು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದ್ದಳು. ಬಾಯಲ್ಲಿ ಇರುವ ತಿಳಿವಳಿಕೆಗೂ ಕಾಗದದ ಮೇಲೆ ಬೀಳುವುದಕ್ಕೂ ಇಷ್ಟು ಅಂತರವಿರುವ ಮಗುವನ್ನು "ದಡ್ಡಿ" ಎಂದು ಕರೆಯುವುದು ಎಂಥ ಅನ್ಯಾಯವೆಂದು ಅಂದು ನನಗೆ ಬಹಳ ನೋವಾಯಿತು.

ಕಾನೂನು ಈ ಮಕ್ಕಳ ಪರವಾಗಿದೆ ಎಂಬುದನ್ನು ನಾವು ತಿಳಿದದ್ದು ಆ ಚಳಿಗಾಲದಲ್ಲಿ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಕಲಿಕಾ ನ್ಯೂನತೆ ಅವುಗಳಲ್ಲಿ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆ ಸಂಖ್ಯೆಯನ್ನು 21ಕ್ಕೆ ಏರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು, ಮತ್ತು ಅಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳುವುದನ್ನು ಶಾಲೆಯ ಹೊಣೆಯಾಗಿ ಮಾಡಿತು. 2018ರ ಜನವರಿಯಲ್ಲಿ ಹೊರಬಂದು ಆಗ ಜಾರಿಯಲ್ಲಿದ್ದ ಮಾರ್ಗಸೂಚಿಯ ಪ್ರಕಾರ ಪ್ರಮಾಣಪತ್ರಕ್ಕೆ ಮಗುವಿಗೆ ಎಂಟು ವರ್ಷ ತುಂಬಿರಬೇಕಿತ್ತು. ಮಕ್ಕಳ ವೈದ್ಯರು ನೋಡಬೇಕು, ಬುದ್ಧಿಮತ್ತೆಯ ಪರೀಕ್ಷೆ ಆಗಬೇಕು, ಆಮೇಲೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. ಬಳಿಕ 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ. ಬರೆದುದನ್ನು ಓದುವಾಗ ಇದು ಸರಳ. ಐವರು ತಂದೆತಾಯಿಗಳಲ್ಲಿ ಒಬ್ಬರು ಒಪ್ಪಲೇ ಇಲ್ಲ, "ಹೆಣ್ಣುಮಗು ಮೇಡಂ, ಹಿಂಗೆ ಕಾಗದ ಮಾಡಿಸಿದ್ರೆ ನಾಳೆ ಯಾರು ಕೇಳ್ತಾರೆ" ಎಂದರು, ಮತ್ತು ಆ ಭಯವನ್ನು ನಾನು ಸುಳ್ಳೆಂದು ತಳ್ಳಿಹಾಕಲಾರೆ. ಉಳಿದ ನಾಲ್ವರನ್ನು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಮೂರು ಸಲ "ಇವತ್ತು ಪರೀಕ್ಷೆ ಮಾಡುವವರಿಲ್ಲ" ಎಂಬ ಉತ್ತರ ಬಂತು. ಮೂರು ಸಲವೂ ಆ ತಾಯಂದಿರು ದಿನಗೂಲಿಯನ್ನು ಬಿಟ್ಟು ಬಂದಿದ್ದರು. ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆಯಾಗಿ ಕಾಗದ ಕೈಗೆ ಬರುವಷ್ಟರಲ್ಲಿ 2023ರ ಆಗಸ್ಟ್ ಬಂದಿತ್ತು. ಮೂವರಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಎಂದಾಯಿತು. ನಾಲ್ಕನೆಯ ಮಗುವಿನ ಸ್ಥಿತಿ ಬೇರೆಯಾಗಿತ್ತು, ಅದಕ್ಕೆ ಬೇರೆಯದೇ ನೆರವು ಬೇಕಾಗಿತ್ತು. ಈ ಮಧ್ಯೆ 2023ರ ಮಾರ್ಚ್‌ನಲ್ಲಿ ಐದನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು. ಇನ್ನೂ ಕಾಗದ ಕೈಸೇರದಿದ್ದ ಆ ರೇಷ್ಮೆ ಸಾಕುವ ಮನೆಯ ಹುಡುಗಿ ಪರಿಸರ ಅಧ್ಯಯನದ ಪ್ರಶ್ನೆಪತ್ರಿಕೆಯ ಮುಂದೆ ಹೆಚ್ಚು ಕಡಿಮೆ ಖಾಲಿ ಕೂತಿದ್ದಳು.

ಆದರೆ ಬೋಧನೆಗೆ ಪ್ರಮಾಣಪತ್ರ ಬೇಕಿಲ್ಲ. ನಾವು ಯೋಜನೆಯನ್ನು ಬರೆಯಲು ಕೂತದ್ದು 2023ರ ಜನವರಿಯಲ್ಲೇ. ಮುಖ್ಯ ಶಿಕ್ಷಕರು, ನಾನು, ಗಣಿತದ ಮೇಷ್ಟ್ರು ಸೇರಿ ಒಬ್ಬೊಬ್ಬ ಮಗುವಿಗೂ ವೈಯಕ್ತಿಕ ಶೈಕ್ಷಣಿಕ ಯೋಜನೆಯೆಂದು ಎರಡೆರಡು ಪುಟ ಬರೆದೆವು. "ಓದುವ ಸಾಮರ್ಥ್ಯವನ್ನು ಹೆಚ್ಚಿಸುವುದು", "ಆತ್ಮವಿಶ್ವಾಸ ಮೂಡಿಸುವುದು" ಎಂಬಂಥ ವಾಕ್ಯಗಳೇ ಅದರ ತುಂಬ. ಬಿ.ಐ.ಇ.ಆರ್.ಟಿ. ಮೇಡಂ ಅದನ್ನು ಓದಿ, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಈ ಮಗುವಿನ ಪಕ್ಕ ಯಾರು ಕೂರುತ್ತೀರಿ, ಕೈಯಲ್ಲಿ ಏನಿರುತ್ತದೆ ಎಂದು ಕೇಳಿದರು. ನಮ್ಮ ಎರಡು ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಎರಡನೆಯ ಸಲ ಬರೆದಾಗ ನಾಲ್ಕೇ ಕಲಮುಗಳನ್ನು ಇಟ್ಟುಕೊಂಡೆವು: ಮಗುವಿಗೆ ಈಗ ಏನು ಬರುತ್ತದೆ, ಮುಂದಿನ ಆರು ವಾರಗಳಲ್ಲಿ ಏನು ಬರಬೇಕು, ಯಾರು ಯಾವ ವೇಳೆಯಲ್ಲಿ ಕಲಿಸುತ್ತಾರೆ, ಬಂತೆಂಬುದನ್ನು ಹೇಗೆ ತಿಳಿಯುತ್ತೇವೆ. ಆ ಹುಡುಗಿಯ ಮೊದಲ ಆರು ವಾರಗಳ ಗುರಿ ಇಷ್ಟೇ ಆಗಿತ್ತು: ಹ್ರಸ್ವ ಮತ್ತು ದೀರ್ಘ ಕೊಂಬುಗಳಿರುವ ಇಪ್ಪತ್ತು ಪದಗಳನ್ನು, ಯಾವ ಕ್ರಮದಲ್ಲಿ ಕೊಟ್ಟರೂ, ತಪ್ಪಿಲ್ಲದೆ ಓದುವುದು.

ವೇಳೆಯನ್ನು ಹುಡುಕುವುದೇ ಕಷ್ಟವಾಯಿತು. ಏಳು ತರಗತಿಗಳಿಗೆ ಐವರು ಶಿಕ್ಷಕರಿರುವ ಶಾಲೆ ನಮ್ಮದು. ನಾನು ಸುಲಭದ ದಾರಿ ಹಿಡಿದು ಈ ಮಕ್ಕಳನ್ನು ಆಟದ ಪೀರಿಯಡ್‌ನಲ್ಲಿ ಕರೆದು ಕೂರಿಸಿಕೊಂಡೆ. ಎರಡನೇ ವಾರ ಒಬ್ಬ ಹುಡುಗ ಶೌಚಾಲಯದ ಹಿಂದೆ ಅಡಗಿ ಕೂತಿದ್ದ. ಕಬಡ್ಡಿಯಲ್ಲಿ ಅವನಷ್ಟು ಚುರುಕಾಗಿ ರೈಡ್ ಹೋಗುವವರು ಶಾಲೆಯಲ್ಲಿ ಇರಲಿಲ್ಲ, ಮತ್ತು ದಿನವೆಲ್ಲ ಸೋಲುವ ಮಗು ಗೆಲ್ಲುತ್ತಿದ್ದ ಒಂದೇ ಹೊತ್ತನ್ನು ನಾನು ಕಿತ್ತುಕೊಂಡಿದ್ದೆ. ಆ ತಪ್ಪಿಗೆ ನಾನು ಅವನ ಮುಂದೆಯೇ ಒಪ್ಪಿಕೊಂಡು ಕ್ಷಮೆ ಕೇಳಿದೆ. ಬಳಿಕ ಸಿಬ್ಬಂದಿ ಸಭೆಯಲ್ಲಿ ಬೆಳಗಿನ ಕ್ಷೀರಭಾಗ್ಯದ ಹಾಲು ಕುಡಿದ ನಂತರದ ಅರ್ಧ ಗಂಟೆಯನ್ನು ಕೇಳಿದೆವು. "ಐದು ಮಕ್ಕಳಿಗಾಗಿ ಉಳಿದ ಮೂವತ್ತಾರು ಮಕ್ಕಳ ಪಾಠ ಹಾಳಾಗೋದು ಸರೀನಾ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಅದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಆ ಅರ್ಧ ಗಂಟೆಯನ್ನು ಎರಡೂ ತರಗತಿಗಳಿಗೆ ಗ್ರಂಥಾಲಯದ ಓದಿನ ಹೊತ್ತಾಗಿ ಮಾಡಿ, ಒಬ್ಬರು ಶಿಕ್ಷಕರು 36 ಮಕ್ಕಳನ್ನು ನೋಡಿಕೊಳ್ಳುವುದು, ನಾನು ಐವರ ಜೊತೆ ಕೂರುವುದು ಎಂದಾದ ಮೇಲೆ, ಓದುವ ಮಕ್ಕಳಿಗೂ ಅದರಿಂದ ಒಳ್ಳೆಯದಾಯಿತು. ವೇಳಾಪಟ್ಟಿಯ ಹಾಳೆಯಲ್ಲಿ ಅದನ್ನು ಕೆಂಪು ಶಾಯಿಯಿಂದ ಬರೆದು ಗೋಡೆಗೆ ಅಂಟಿಸಿದೆವು. ತಪಾಸಣೆ, ಜಯಂತಿ, ಪ್ರತಿಭಾ ಕಾರಂಜಿಯ ಅಭ್ಯಾಸ, ಏನೇ ಬಂದರೂ ಮೊದಲು ಹೋಗುವುದು ಇಂಥ ತರಗತಿಯೇ. ಗೋಡೆಯ ಮೇಲೆ ಇದ್ದುದರಿಂದ ಅದು ಉಳಿಯಿತು.

ಆ ಅರ್ಧ ಗಂಟೆಯಲ್ಲಿ ಐದು ನಿಮಿಷ ಬಾಯಿಮಾತಿನ ಸದ್ದಿನ ಆಟ, ಹತ್ತು ನಿಮಿಷ ಅಕ್ಷರ, ಹತ್ತು ನಿಮಿಷ ಓದು, ಐದು ನಿಮಿಷ ಬರಹ. ಅಕ್ಷರಕ್ಕೆ ಮೊರದಲ್ಲಿ ಮರಳು ಹರಡಿಕೊಂಡೆವು. ಮಗು ಬಾಯಲ್ಲಿ ಸದ್ದನ್ನು ಹೇಳುತ್ತ ಬೆರಳಿನಿಂದ ದೊಡ್ಡದಾಗಿ ಬರೆಯಬೇಕು. ಪ ಮತ್ತು ಷ, ಬ ಮತ್ತು ಭ, ವ ಮತ್ತು ಮ ಇವುಗಳನ್ನು ಒಟ್ಟಿಗೆ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಎರಡು ಮೂರು ವಾರ ಬಿಟ್ಟು ಇನ್ನೊಂದನ್ನು ತಂದೆವು. ಒತ್ತಕ್ಷರಗಳನ್ನು ಬೇರೆ ಬಣ್ಣದಲ್ಲಿ ಬರೆದ ಕಾರ್ಡುಗಳಿದ್ದವು. ಸಾಲು ತಪ್ಪುವ ಮಕ್ಕಳಿಗೆ ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಕೊಟ್ಟೆವು. ಪದಗಳನ್ನು ಅವರ ಮನೆಯಿಂದಲೇ ತೆಗೆದುಕೊಂಡೆವು: ಸೊಪ್ಪು, ಗೂಡು, ತಟ್ಟೆ, ಹುಳು, ಚಂದ್ರಂಕಿ. "ಚಂದ್ರಂಕಿ" ಎಂಬುದರಲ್ಲಿ ಸೊನ್ನೆ ಎರಡು ಸಲ, ರಕಾರದ ಒತ್ತು ಒಂದು ಸಲ. ಅದನ್ನು ಓದಿದ ದಿನ ಆ ಹುಡುಗಿ ಕಾರ್ಡನ್ನು ಮನೆಗೆ ಒಯ್ಯಲು ಕೇಳಿದಳು.

ಗಣಿತದ ತೊಂದರೆಯಿದ್ದ ಹುಡುಗನ ಕೆಲಸವನ್ನು ಗಣಿತದ ಮೇಷ್ಟ್ರು ವಹಿಸಿಕೊಂಡರು. ಅವನು ಇನ್ನೂರ ಮೂರನ್ನು 2003 ಎಂದು ಬರೆಯುತ್ತಿದ್ದ. ಹುಣಸೆ ಬೀಜ, ಹತ್ತರ ಕಡ್ಡಿಕಟ್ಟು, ನೂರರ ಕಟ್ಟು ಇಟ್ಟು, ಖಾಲಿ ಮನೆಗೆ ಸೊನ್ನೆ ಎಂಬುದನ್ನು ಅವನ ಕೈಯಿಂದಲೇ ಇಡಿಸುತ್ತಾ ಹೋದರು. ಮಗ್ಗಿ ಬಾಯಿಪಾಠವಾಗದಿದ್ದರೆ ಮಗ್ಗಿಯ ಕಾರ್ಡು ಮುಂದಿಟ್ಟುಕೊಂಡೇ ಲೆಕ್ಕ ಮಾಡಬಹುದೆಂದು ತೀರ್ಮಾನವಾಯಿತು.

ಪೋಷಕರ ಸಭೆಯ ಪಾಠವನ್ನೂ ಹೇಳಬೇಕು. ಮೊದಲ ಸಭೆಗೆ ಯಾರೂ ಬರಲಿಲ್ಲ. ಅವರಿಗೆ ಮಕ್ಕಳ ಮೇಲೆ ಕಾಳಜಿಯಿಲ್ಲವೆಂದು ಶಿಕ್ಷಕರ ಕೊಠಡಿಯಲ್ಲಿ ಮಾತಾಯಿತು. ಸಂಜೆ ಆ ಹುಡುಗಿಯ ಮನೆಗೆ ಹೋದರೆ ತಾಯಿ ಕೈಬಿಡುವಿಲ್ಲದೆ ಸೊಪ್ಪು ಹಾಕುತ್ತಿದ್ದರು. "ಹುಳ ನಾಲ್ಕನೇ ಜ್ವರದಿಂದ ಎದ್ದೈತೆ ಮೇಡಂ, ಈ ವಾರ ಹಗಲೂ ರಾತ್ರಿ ಸೊಪ್ಪು ಹಾಕ್ಬೇಕು, ನಾನು ಬಂದ್ರೆ ಹಾಕೋರು ಯಾರು?" ಎಂದರು. ಅಂದಿನಿಂದ ಸಭೆಯ ದಿನವನ್ನು ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮನೆ ತೊಳೆದು ಮುಂದಿನ ಬೆಳೆ ತರುವ ನಡುವಿನ ಬಿಡುವಿನಲ್ಲಿ ಇಡುತ್ತಾ ಬಂದೆವು. ಎಲ್ಲರೂ ಬಂದರು, ಒಬ್ಬ ಹುಡುಗನ ಅಜ್ಜಿಯೂ ಬಂದರು.

ಸಾಮಾನ್ಯ ತರಗತಿಯಲ್ಲಿ ಎಲ್ಲ ಶಿಕ್ಷಕರೂ ಪಾಲಿಸಬೇಕಾದ ಕೆಲವು ಮಾತುಗಳನ್ನು ಒಪ್ಪಿಕೊಂಡೆವು. ಕಪ್ಪುಹಲಗೆಯಿಂದ ಇಡೀ ಪಾಠವನ್ನು ನಕಲು ಮಾಡಿಸುವುದಿಲ್ಲ. ಕಿರುಪರೀಕ್ಷೆಯಲ್ಲಿ ಪ್ರಶ್ನೆಯನ್ನು ಓದಿ ಹೇಳಿ ಬಾಯಿಯುತ್ತರವನ್ನು ಬರೆದುಕೊಳ್ಳುತ್ತೇವೆ. ಸಮಯ ಹೆಚ್ಚು ಕೊಡುತ್ತೇವೆ. ಕಾಗುಣಿತದ ತಪ್ಪಿಗೆ ವಿಜ್ಞಾನದ ಅಂಕವನ್ನು ಕಡಿಯುವುದಿಲ್ಲ. ಇವುಗಳಲ್ಲಿ ಎಲ್ಲವೂ ಎಲ್ಲ ದಿನವೂ ನಡೆಯಿತೆಂದು ಹೇಳಲಾರೆ. ಆರನೇ ತರಗತಿಯಿಂದ ಹಿಂದಿ ಸೇರಿಕೊಂಡಾಗ ನನಗೆ ನಿಜವಾಗಿ ಸಂಕಟವಾಯಿತು: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಎಂಬ ಮೂರು ಲಿಪಿಗಳು. ಒಂದು ಲಿಪಿಯನ್ನೇ ಬೆವರು ಸುರಿಸಿ ಹಿಡಿಯುತ್ತಿರುವ ಮಗುವಿನ ಮೇಲೆ ಇಷ್ಟು ಭಾರ ಹೊರಿಸುವುದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಳನೇ ತರಗತಿ ಮುಗಿಸುವ ಹೊತ್ತಿಗೆ ಆ ಹುಡುಗಿ ಕನ್ನಡ ಪಾಠವನ್ನು ತಪ್ಪು ಕಡಿಮೆ ಮಾಡಿ ಓದುತ್ತಿದ್ದಳು, ಆದರೆ ವೇಗ ಬಂದಿರಲಿಲ್ಲ. ಉಳಿದವರು ಒಂದು ಪುಟ ಮುಗಿಸುವಷ್ಟರಲ್ಲಿ ಅವಳಿಗೆ ಕಾಲು ಪುಟ. ಅದು ಪೂರ್ತಿ ಹೋಗುವ ತೊಂದರೆಯಲ್ಲ. 2025ರ ಜೂನ್‌ನಲ್ಲಿ ಅವಳು ಪ್ರೌಢಶಾಲೆಗೆ ಸೇರಿದಾಗ ಫೈಲು ನಮ್ಮ ಬೀರುವಿನಲ್ಲೇ ಉಳಿಯಬಾರದೆಂದು ನಾಲ್ಕು ಪುಟಗಳ ಟಿಪ್ಪಣಿಯೊಂದಿಗೆ ನಾನೂ ಅವಳ ತಾಯಿಯೂ ಹೋದೆವು. 14 ತುಂಬಿದ ಕೂಡಲೇ ಮರುಪರೀಕ್ಷೆ ಮಾಡಿಸಬೇಕಾದ ತಿಂಗಳು, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಬರಹಗಾರರ ನೆರವಿಗೆ ಮುಂಚಿತವಾಗಿಯೇ ಅರ್ಜಿ ಹಾಕಬೇಕೆಂಬುದು, ಯಾವ ಅಕ್ಷರಗಳು ಇನ್ನೂ ಗಟ್ಟಿಯಾಗಿಲ್ಲ ಎಂಬುದು, ಎಲ್ಲ ಅದರಲ್ಲಿತ್ತು. ಹೊರಡುವ ಹಿಂದಿನ ದಿನ ಅವಳಿಗೆ ಟಿಪ್ಪಣಿಯನ್ನು ಓದಿ ಹೇಳಿ, ಏನಾದರೂ ಸೇರಿಸಬೇಕೇ ಎಂದು ಕೇಳಿದ್ದೆ. ಪೆನ್ನು ತೆಗೆದುಕೊಂಡು ಕೊನೆಯಲ್ಲಿ ತಾನೇ ಬರೆದಳು: "ತಯರಿ ಇಲ್ಲದೆ ನನ್ನನು ಎದ್ದು ಓದು ಅನ್ನಬೇಡಿ." ಅದನ್ನು ತಿದ್ದದೆ ಹಾಗೆಯೇ ಬಿಟ್ಟೆ.

ಪ್ರೌಢಶಾಲೆಯ ಕನ್ನಡ ಶಿಕ್ಷಕರು ನಾಲ್ಕೂ ಪುಟಗಳನ್ನು ನಿಂತೇ ಓದಿದರು. ಕೊನೆಯ ಸಾಲಿಗೆ ಬಂದವರು ಪಠ್ಯಪುಸ್ತಕವನ್ನು ತೆರೆದು, ಮುಂದಿನ ಸೋಮವಾರ ಯಾವ ಪಾಠ ಮಾಡುತ್ತೇನೆಂದು ತೋರಿಸಿ, ಆ ಪುಟದ ಮೂಲೆಯನ್ನು ಮಡಿಚಿ ಅವಳ ಕೈಗೆ ಕೊಟ್ಟರು.